ಸಣ್ಣ ಅಂಗಡಿಗೆ ಕಡಿಮೆ ಖರ್ಚಿನ ಪಿಒಎಸ್: ಏನು ನೋಡಿ ಆರಿಸಬೇಕು?

ಹೊಸಗಲ್ಲಾ

ಎಲ್ಲರಿಗೂ ನಮಸ್ಕಾರ. ಚಿಕ್ಕದೊಂದು ಅಂಗಡಿ ನಡೆಸುತ್ತಿದ್ದೇನೆ. ಸ್ಟೇಷನರಿ, ಆಟಿಕೆ, ಉಡುಗೊರೆ ಸಾಮಾನು, ಜೊತೆಗೆ ಒಂದಿಷ್ಟು ಟೀ ಶರ್ಟ್. ಸಾವಿರದ ಆಸುಪಾಸು ಐಟಂ ಇರಬಹುದು. ಕೌಂಟರ್‌ನಲ್ಲಿ ನಾನಿರುತ್ತೇನೆ, ನಾನಿಲ್ಲದಾಗ ಕೆಲಸದ ಹುಡುಗಿ ನೋಡಿಕೊಳ್ಳುತ್ತಾಳೆ. ಇಲ್ಲಿವರೆಗೆ ಕ್ಯಾಲ್ಕುಲೇಟರ್ ಮತ್ತು ಬಿಲ್ ಪುಸ್ತಕದಲ್ಲೇ ಕೆಲಸ ಸಾಗಿದೆ. ಆದರೆ ಸಂಜೆ ಲೆಕ್ಕ ತಾಳೆ ಹಾಕುವುದು ಈಗ ದೊಡ್ಡ ತಲೆನೋವು. ಯಾವ ಮಾಲು ಖಾಲಿಯಾಗಿದೆ ಅನ್ನೋದು ಗಿರಾಕಿ ಬಂದು ಕೇಳಿದಾಗಲೇ ಗೊತ್ತಾಗುತ್ತದೆ.

ಹುಡುಕಿದರೆ ನೂರೆಂಟು ಪಿಒಎಸ್ (ಬಿಲ್ ಮಾಡಿ ಮಾರಾಟ, ಸ್ಟಾಕ್ ಲೆಕ್ಕ ಇಡುವ ಗಲ್ಲಾ ವ್ಯವಸ್ಥೆ) ಕಾಣುತ್ತವೆ. ಒಂದು ಪೂರ್ತಿ ಉಚಿತ ಅನ್ನುತ್ತದೆ. ಇನ್ನೊಂದಕ್ಕೆ ತಿಂಗಳ ಶುಲ್ಕ. ಮತ್ತೊಂದು ಯಂತ್ರ ಸಮೇತ ಪ್ಯಾಕೇಜು. ಜಾಹೀರಾತು ಮಾತ್ರ ಎಲ್ಲದರದ್ದೂ ಒಂದೇ ಥರ. ಜಾಸ್ತಿ ದುಡ್ಡು ಹಾಕುವ ಸ್ಥಿತಿಯಲ್ಲಿಲ್ಲ. ಬಳಸಿ ನೋಡಿದವರು ಹೇಳಿ, ಏನು ನೋಡಿ ಆರಿಸಬೇಕು?

ಹಳೇತಕ್ಕಡಿ

ಮೊದಲ ಪ್ರಶ್ನೆ: ನಿಜವಾಗಿಯೂ ಬೇಕಾ? ನನ್ನದು ನೂರರೊಳಗಿನ ಐಟಂ. ಪುಸ್ತಕದಲ್ಲೇ ನಡೆಯುತ್ತಿದೆ, ಏನೂ ಮುಳುಗಿಲ್ಲ.

ಪಿಒಎಸ್ ಸ್ಟಾಕ್ ತೋರಿಸುತ್ತೆ ಅಂತಾರೆ. ಮಾಲು ಬಂದ ದಿನವೇ ಕೂತು ಅದರೊಳಗೆ ಏರಿಸುವವರಿಗೆ ಮಾತ್ರ ತೋರಿಸುತ್ತೆ. ಮಾರಾಟ ಮಾತ್ರ ಬರೆದು ಖರೀದಿ ಬರೆಯದಿದ್ದರೆ ಎರಡು ತಿಂಗಳಲ್ಲಿ ಸ್ಟಾಕ್ ಪೂರ್ತಿ ಸುಳ್ಳು. ಆಮೇಲೆ ಅದು ದುಬಾರಿ ಕ್ಯಾಲ್ಕುಲೇಟರ್, ಅಷ್ಟೇ. ಮಾಲು ಬಿಚ್ಚುವಾಗ ಅರ್ಧ ಗಂಟೆ ಕೂತು ಏರಿಸೋಕೆ ಯಾರಿದ್ದಾರೆ? ಅದನ್ನ ಯೋಚಿಸಿ, ಆಮೇಲೆ ಆ್ಯಪ್ ಹುಡುಕಿ.

ಎರಡಂಗಡಿ

ಹಳೇತಕ್ಕಡಿಯವರು ಹೇಳಿದ್ದು ಸರಿ. ಆದರೆ ಸಾವಿರ ಐಟಂ ಅಂದರೆ ಪುಸ್ತಕ ಸಾಕಾಗಲ್ಲ. ಅದರಲ್ಲೂ ಟೀ ಶರ್ಟ್ ಇದೆ ಅಂದಿರಿ. ಒಂದೇ ಡಿಸೈನಿನಲ್ಲಿ 5 ಸೈಜು, 4 ಬಣ್ಣ ಅಂದರೆ 20 ಬೇರೆ ಬೇರೆ ಐಟಂ. ಅದನ್ನು ತಲೆಯಲ್ಲಿ ಇಟ್ಟುಕೊಳ್ಳೋಕೆ ಯಾರಿಗೂ ಆಗಲ್ಲ.

ಅದಕ್ಕೇ ಆ್ಯಪ್ ನೋಡುವಾಗ 'ವೇರಿಯಂಟ್' ಸೌಲಭ್ಯ ಉಚಿತ ಪ್ಲಾನಿನಲ್ಲೇ ಇದೆಯಾ, ದುಡ್ಡು ಕೊಟ್ಟರೆ ಮಾತ್ರನಾ ಅಂತ ಮೊದಲೇ ಕೇಳಿ. ಅದಿಲ್ಲದಿದ್ದರೆ 20 ಐಟಂ ಒಂದೊಂದಾಗಿ ಟೈಪ್ ಮಾಡಬೇಕು.

ಲೆಕ್ಕದಾಕೆ

ನಾನು ಅಂಗಡಿಯವಳಲ್ಲ, ಅಂಗಡಿಗಳ ಲೆಕ್ಕ ಬರೆಯುವವಳು. ಖರ್ಚಿನ ವಿಷಯ ನಾನು ಹೇಳ್ತೀನಿ.

ತಿಂಗಳ ಶುಲ್ಕ ನೋಡಿ ಯಾವುದು ಅಗ್ಗ ಅಂತ ತೀರ್ಮಾನ ಮಾಡಬೇಡಿ. ಮೂರು ವರ್ಷದ ಒಟ್ಟು ಖರ್ಚು ಹಾಕಿ. ಶುಲ್ಕವನ್ನು 36ರಿಂದ ಗುಣಿಸಿ. ಶುಲ್ಕ ಅಂಗಡಿಗೆ ಒಂದೋ, ಪ್ರತಿ ಯಂತ್ರಕ್ಕೋ, ಪ್ರತಿ ಬಳಕೆದಾರರಿಗೋ ಅಂತ ನೋಡಿ. ನಿಮ್ಮಲ್ಲಿ ಇಬ್ಬರು ಇದ್ದೀರಿ, ಆದ್ದರಿಂದ ಇದು ಮುಖ್ಯ. ಪ್ರಿಂಟರ್, ಸ್ಕ್ಯಾನರ್, ನಗದು ಇಡುವ ಡ್ರಾಯರ್ ಸೇರಿಸಿ. ಕಾಗದದ ರೋಲ್ ಮರೀಬೇಡಿ, ಅದು ನಿಲ್ಲದ ಖರ್ಚು.

ಇನ್ನು ಎಲ್ಲರೂ ಬಿಟ್ಟುಬಿಡುವ ಒಂದು ಬಾಬ್ತಿದೆ, ಪಾವತಿಯ ಕಮಿಷನ್. ಕಾರ್ಡು ಮತ್ತು ಮೊಬೈಲ್ ಪಾವತಿಯಿಂದ ತಿಂಗಳಿಗೆ 1,000 ಬರುತ್ತೆ ಅಂದುಕೊಳ್ಳಿ, ಯಾವ ನಾಣ್ಯವಾದರೂ ಇರಲಿ. ಉಚಿತ ಆ್ಯಪ್ ತನ್ನದೇ ಪಾವತಿ ಯಂತ್ರ ಬಳಸಲೇಬೇಕು ಅಂತ ಕಟ್ಟುಪಾಡು ಹಾಕಿ, ಬೇರೆ ಕಡೆಗಿಂತ ಶೇ. 0.5 ಜಾಸ್ತಿ ಹಿಡಿದರೆ ತಿಂಗಳಿಗೆ 5 ಹೋಯ್ತು. 36 ತಿಂಗಳಿಗೆ 180. ಇನ್ನೊಂದು ಆ್ಯಪಿನ ಶುಲ್ಕ ತಿಂಗಳಿಗೆ 3 ಇದ್ದು, ಯಾವ ಪಾವತಿ ಯಂತ್ರವಾದರೂ ಸರಿ ಅಂದರೆ 108ಕ್ಕೆ ಮುಗಿಯಿತು. ಇಲ್ಲಿ 'ಉಚಿತ' ಅನ್ನೋದೇ ದುಬಾರಿ. ವ್ಯಾಪಾರ ಬೆಳೆದಷ್ಟೂ ಈ ಅಂತರ ಬೆಳೆಯುತ್ತದೆ, ಯಾಕೆಂದರೆ ಕಮಿಷನ್ ಮಾರಾಟದ ಜೊತೆ ಏರುತ್ತದೆ, ಶುಲ್ಕ ಏರುವುದಿಲ್ಲ.

ಹೆಚ್ಚು ವ್ಯಾಪಾರ ನಗದಿನಲ್ಲೇ ಆಗುವ ಅಂಗಡಿಯಾದರೆ ಲೆಕ್ಕ ತಲೆಕೆಳಗು. ಆಗ ಉಚಿತ ಆ್ಯಪೇ ಲಾಭ. ಹಾಗಾಗಿ ಹೊಸಗಲ್ಲಾ ಅವರೇ, ನಿಮ್ಮಲ್ಲಿ ನಗದು ಎಷ್ಟು, ಕಾರ್ಡು ಎಷ್ಟು? ಒಂದು ವಾರ ಬರೆದಿಡಿ.

ಹೊಸಗಲ್ಲಾ

ಅರ್ಧಕ್ಕಿಂತ ಜಾಸ್ತಿ ನಗದಿಲ್ಲದ ಪಾವತಿಯೇ ಮೇಡಂ. ಸರಿಯಾದ ಲೆಕ್ಕ ವಾರ ಕಳೆದ ಮೇಲೆ ಹೇಳ್ತೀನಿ. ಈ ಕಮಿಷನ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ.

ಯಂತ್ರಗಳ ಬಗ್ಗೆ ಯಾರಾದರೂ ಹೇಳ್ತೀರಾ? ಒಬ್ಬರು ಪೂರ್ತಿ ಸೆಟ್ ಕೊಡ್ತೀವಿ ಅಂತ ಬೆನ್ನು ಹತ್ತಿದ್ದಾರೆ.

ತಂತಿಜೋಡಕ

ಸೆಟ್ ತಗೋಬೇಡಿ. ಕನಿಷ್ಠ ಈಗಲೇ ಬೇಡ.

ಕಾರಣ ಹೇಳ್ತೀನಿ. ಸೆಟ್‌ನಲ್ಲಿ ಬರುವ ಯಂತ್ರ ಎಷ್ಟೋ ಸಲ ಅವರ ಸಾಫ್ಟ್‌ವೇರಿಗೆ ಮಾತ್ರ ಕೆಲಸ ಮಾಡುತ್ತದೆ. ನಾಳೆ ಆ್ಯಪ್ ಬದಲಿಸಿದರೆ ಯಂತ್ರ ಮೂಲೆ ಸೇರುತ್ತದೆ. ಬಿಡಿಬಿಡಿಯಾಗಿ ಸಾಮಾನ್ಯ ಯಂತ್ರ ತಗೊಂಡರೆ ಆ್ಯಪ್ ಯಾವುದಾದರೂ ಬರಲಿ, ಯಂತ್ರ ಉಳಿಯುತ್ತದೆ.

ಸ್ಕ್ಯಾನರ್: ಯುಎಸ್‌ಬಿ ಸ್ಕ್ಯಾನರ್ ಕಂಪ್ಯೂಟರಿನ ಕಣ್ಣಿಗೆ ಬರೀ ಒಂದು ಕೀಬೋರ್ಡ್. ಬಾರ್‌ಕೋಡ್ ಓದಿ ಅಂಕಿಗಳನ್ನು ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಅಷ್ಟೇ ಅದರ ಗುಟ್ಟು. ಹಾಗಾಗಿ ನೋಟ್‌ಪ್ಯಾಡ್ ತೆರೆದು ಸ್ಕ್ಯಾನ್ ಮಾಡಿ ನೋಡಿ. ಅಂಕಿ ಸರಿಯಾಗಿ ಮೂಡಿದರೆ ಹೆಚ್ಚುಕಡಿಮೆ ಎಲ್ಲ ಪಿಒಎಸ್‌ಗೂ ನಡೆಯುತ್ತದೆ. ಲೇಸರ್ ಸ್ಕ್ಯಾನರ್ ಅಗ್ಗ, ಆದರೆ ಗೆರೆಯ ಬಾರ್‌ಕೋಡ್ ಮಾತ್ರ ಓದುತ್ತದೆ, ಮೊಬೈಲ್ ಪರದೆಯ ಮೇಲಿನದು ಅದಕ್ಕೆ ಕಷ್ಟ. ಸ್ವಲ್ಪ ಜಾಸ್ತಿ ಕೊಟ್ಟು 2ಡಿ ಸ್ಕ್ಯಾನರ್ ತಗೊಳ್ಳಿ, ಕ್ಯೂಆರ್ ಕೂಡ ಓದುತ್ತದೆ. ಬಾರ್‌ಕೋಡ್ ನಿಯಮಗಳನ್ನು ನೋಡಿಕೊಳ್ಳುವ ಜಿಎಸ್1 ಸಂಸ್ಥೆ 2027ರ ಕೊನೆಯೊಳಗೆ ಅಂಗಡಿಯ ಕೌಂಟರ್‌ಗಳು 2ಡಿ ಕೋಡ್ ಓದುವಂತಾಗಬೇಕು ಅಂತ ಗುರಿ ಇಟ್ಟುಕೊಂಡಿದೆ. ಗೆರೆಯ ಬಾರ್‌ಕೋಡ್ ಅಂದೇ ಮಾಯವಾಗಲ್ಲ, ಭಯ ಬೇಡ. ಆದರೆ ಹೊಸದು ಕೊಳ್ಳುವವರು ಹಳೇ ತಂತ್ರಕ್ಕೆ ಯಾಕೆ ದುಡ್ಡು ಹಾಕಬೇಕು?

ಪ್ರಿಂಟರ್: ಥರ್ಮಲ್ ತಗೊಳ್ಳಿ, ಬಿಸಿಯಿಂದ ಅಕ್ಷರ ಮೂಡಿಸುತ್ತದೆ, ಇಂಕ್ ಖರ್ಚಿಲ್ಲ. ಎರಡು ಅಳತೆ ಇವೆ, 58 ಮಿಮೀ ಮತ್ತು 80 ಮಿಮೀ. 58ರಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ 32 ಇಂಗ್ಲಿಷ್ ಅಕ್ಷರ, 80ರಲ್ಲಿ 48. ಐಟಂ ಹೆಸರು ಉದ್ದ ಇದ್ದರೆ 58ರಲ್ಲಿ ಪ್ರತಿ ಐಟಂ ಎರಡು ಸಾಲು ತಿನ್ನುತ್ತದೆ. ಜಾಗ, ದುಡ್ಡು ಎರಡೂ ಕಡಿಮೆ ಅಂದರೆ 58 ಸಾಕು. ಬಿಲ್ ಉದ್ದ ಬರುತ್ತೆ ಅಂದರೆ, ತಾನೇ ಕಾಗದ ಕತ್ತರಿಸುವ ಕಟರ್ ಇರುವ 80. 'ಇಎಸ್‌ಸಿ/ಪಿಒಎಸ್' ಅನ್ನುವ, ಪ್ರಿಂಟರಿಗೆ ಕೆಲಸ ಹೇಳುವ ಆದೇಶಗಳಿಗೆ ಒಗ್ಗುತ್ತೆ ಅಂತ ಬರೆದಿರಲೇಬೇಕು. ಅದು ಎಪ್ಸನ್ ಕಂಪನಿ ಶುರು ಮಾಡಿದ್ದು, ಈಗ ಹೆಚ್ಚಿನ ರಸೀದಿ ಪ್ರಿಂಟರ್‌ಗಳು ಅದನ್ನೇ ಪಾಲಿಸುತ್ತವೆ.

ಪ್ರಿಂಟರ್ ಬ್ಲೂಟೂತ್‌ದು ಬೇಡ ಅನ್ನೋದು ನನ್ನ ಹಟ. ಜೋಡಣೆ ತಪ್ಪುವುದು ಗಿರಾಕಿ ಸಾಲುಗಟ್ಟಿ ನಿಂತಾಗಲೇ. ಯುಎಸ್‌ಬಿ ಅಥವಾ ನೆಟ್‌ವರ್ಕ್ ಕೇಬಲ್‌ದು ತಗೊಳ್ಳಿ. ನೆಟ್‌ವರ್ಕ್‌ದಾದರೆ ಪ್ರಿಂಟರಿಗೆ ಕಾಯಂ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ) ಕೊಡಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದು ರೂಟರ್ ಹೊಸ ವಿಳಾಸ ಕೊಟ್ಟ ದಿನ 'ಪ್ರಿಂಟರ್ ಸಿಗುತ್ತಿಲ್ಲ' ಅನ್ನುತ್ತದೆ. ಕೆಟ್ಟಿರಲ್ಲ, ವಿಳಾಸ ಬದಲಾಗಿರುತ್ತದೆ ಅಷ್ಟೇ.

ಡ್ರಾಯರ್: ಇದನ್ನು ಕಂಪ್ಯೂಟರಿಗೆ ಚುಚ್ಚುವುದಲ್ಲ. ಟೆಲಿಫೋನ್ ವೈರಿನಂಥ ಪ್ಲಗ್ ಇರುತ್ತದೆ, ಅದು ಪ್ರಿಂಟರ್ ಹಿಂದೆ ಹೋಗುತ್ತದೆ. ಬಿಲ್ ಆದಾಗ ಪ್ರಿಂಟರ್ ಒಂದು ವಿದ್ಯುತ್ ಮಿಡಿತ ಕಳಿಸುತ್ತದೆ, ಡ್ರಾಯರ್ ತೆರೆದುಕೊಳ್ಳುತ್ತದೆ. ಹಾಗಾಗಿ ಪ್ರಿಂಟರಿನಲ್ಲಿ ಡ್ರಾಯರ್ ಪೋರ್ಟ್ ಇದೆಯಾ, ಎರಡರ ವೋಲ್ಟೇಜ್ ಒಂದೇನಾ ನೋಡಿ. ಹೆಚ್ಚಿನವು 24 ವೋಲ್ಟ್, ಕೆಲವು 12. ಆ ಪೋರ್ಟಿಗೆ ಟೆಲಿಫೋನ್ ಲೈನ್ ಮಾತ್ರ ಚುಚ್ಚಬೇಡಿ.

ಕಾಗದಹುಳು

ರೋಲ್ ಬಗ್ಗೆ ಒಂದು ಮಾತು. ಥರ್ಮಲ್ ಕಾಗದದ ಒಂದು ಬದಿಗೆ ಮಾತ್ರ ಲೇಪ ಇರುತ್ತದೆ. ಖಾಲಿ ಬಿಲ್ ಬಂದರೆ ರೋಲ್ ತಿರುಗಾಮುರುಗಾ ಹಾಕಿದ್ದೀರಿ ಅಂತ ಅರ್ಥ. ಉಗುರಿನಿಂದ ಗೀಚಿ ನೋಡಿ, ಕಪ್ಪಾದ ಬದಿ ಸರಿ. ಬಿಸಿಲು, ಸೆಕೆ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಅಕ್ಷರ ಮಾಸುತ್ತದೆ. ಆಟಿಕೆಗೆ ವಾರಂಟಿ ಕೊಡ್ತೀರಾದರೆ ಗಿರಾಕಿ ಬಿಳಿ ಚೀಟಿ ಹಿಡಿದು ಬರ್ತಾರೆ. ಹಳೇ ಬಿಲ್ಲನ್ನು ನಂಬರ್ ಅಥವಾ ದಿನಾಂಕದಿಂದ ಹುಡುಕೋಕೆ ಆಗುವ ಆ್ಯಪ್ ಇರಲಿ.

ಹೊಸಗಲ್ಲಾ

ತಂತಿಜೋಡಕ ಸರ್, ಉಪಕಾರವಾಯ್ತು. ಬಿಲ್ ಕನ್ನಡದಲ್ಲಿ ಬರುತ್ತಾ? ನಮ್ಮ ಐಟಂ ಹೆಸರು ಅರ್ಧ ಕನ್ನಡದಲ್ಲೇ ಇವೆ.

ತಂತಿಜೋಡಕ

ಒಳ್ಳೇ ಪ್ರಶ್ನೆ, ಕೊಂಡಮೇಲೆ ಕೇಳುವವರೇ ಜಾಸ್ತಿ. ಅಗ್ಗದ ಪ್ರಿಂಟರಿನ ಒಳಗಿರುವ ಅಕ್ಷರಪಟ್ಟಿಯಲ್ಲಿ ಕನ್ನಡ ಇರೋದಿಲ್ಲ. ಒತ್ತಕ್ಷರ, ಗುಣಿತ ಜೋಡಿಸುವ ಕೆಲಸವೂ ಅದಕ್ಕೆ ಬರಲ್ಲ. ಅಕ್ಷರವಾಗಿ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆ ಅಥವಾ ಕಸ ಮೂಡುತ್ತದೆ. ದಾರಿ ಒಂದೇ: ಆ್ಯಪ್ ಇಡೀ ಬಿಲ್ಲನ್ನು ಚಿತ್ರವಾಗಿ ಮಾಡಿ ಪ್ರಿಂಟರಿಗೆ ಕಳಿಸಬೇಕು. ಕೆಲವು ಆ್ಯಪ್ ಹೀಗೆ ಮಾಡುತ್ತವೆ, ಕೆಲವು ಮಾಡಲ್ಲ. ಬ್ರೌಸರಿನಿಂದ ಮಾಮೂಲಿ ಡ್ರೈವರ್ ಮೂಲಕ ಪ್ರಿಂಟ್ ಮಾಡುವಂಥವು ಸಾಮಾನ್ಯವಾಗಿ ಸರಿಯಾಗಿ ಕೊಡುತ್ತವೆ. ಸ್ವಲ್ಪ ನಿಧಾನ, ಅಷ್ಟೇ.

ಅಂಗಡಿಗೆ ಹೋಗಿ 'ಕೃಷ್ಣ', 'ಸ್ತ್ರೀ' ಅಂತ ಎರಡು ಪದ ಪ್ರಿಂಟ್ ಮಾಡಿ ತೋರಿಸಿ ಅನ್ನಿ. ಗೊತ್ತಾಗಿಬಿಡುತ್ತೆ.

ಮುಕ್ತದ್ವಾರ

ಸಾಫ್ಟ್‌ವೇರ್ ಹೆಸರು ಯಾರೂ ಹೇಳಲಿಲ್ಲವಲ್ಲ. ನಾನು ಶುರು ಮಾಡ್ತೀನಿ.

ಮುಕ್ತ ತಂತ್ರಾಂಶದಲ್ಲಿ, ಅಂದರೆ ಯಾರು ಬೇಕಾದರೂ ತಗೊಂಡು ಬಳಸಿ ಬದಲಿಸಬಹುದಾದ ಸಾಫ್ಟ್‌ವೇರಿನಲ್ಲಿ, ಒಳ್ಳೆಯವು ಇವೆ. ಓಡೂ ಕಮ್ಯುನಿಟಿ ಆವೃತ್ತಿಯಲ್ಲಿ ಪಿಒಎಸ್, ದಾಸ್ತಾನು, ಇನ್‌ವಾಯ್ಸ್ ಇವೆ, ಪರವಾನಗಿ ಶುಲ್ಕ ಇಲ್ಲ. ಪೂರ್ತಿ ಲೆಕ್ಕಪತ್ರ ಬೇಕು ಅಂದರೆ ದುಡ್ಡಿನ ಆವೃತ್ತಿಗೆ ಹೋಗಬೇಕು. ಇಆರ್‌ಪಿನೆಕ್ಸ್ಟ್‌ನಲ್ಲಿ ಲೆಕ್ಕಪತ್ರವೂ ಸೇರಿ ಎಲ್ಲ ಮುಕ್ತ, ಪಿಒಎಸ್ ಅದರೊಳಗಿನ ಒಂದು ಭಾಗ. 'ಓಪನ್ ಸೋರ್ಸ್ ಪಾಯಿಂಟ್ ಆಫ್ ಸೇಲ್' ಅಂತಲೇ ಒಂದಿದೆ, ಪಿಎಚ್‌ಪಿಯಲ್ಲಿ ಬರೆದದ್ದು, ಹಗುರ. ಸಾವಿರ ಐಟಂಗೆ ಧಾರಾಳ.

ದತ್ತಾಂಶ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತೆ. ಯಾರೂ ಬೆಲೆ ಏರಿಸಿ ಕುತ್ತಿಗೆ ಹಿಡಿಯೋಕೆ ಆಗಲ್ಲ.

ಎರಡಂಗಡಿ

ಮುಕ್ತದ್ವಾರ ಅವರೇ, ಇನ್‌ಸ್ಟಾಲ್ ಯಾರು ಮಾಡ್ತಾರೆ? ಸರ್ವರ್ ಯಾರು ನೋಡಿಕೊಳ್ತಾರೆ? ಓಡೂ ಪ್ರತಿ ವರ್ಷ ಹೊಸ ಆವೃತ್ತಿ ಬಿಡುತ್ತದೆ. ಕಮ್ಯುನಿಟಿಯವರು ಒಂದರಿಂದ ಇನ್ನೊಂದಕ್ಕೆ ದಾಟೋದು ಕ್ಲಿಕ್ ಮಾಡಿದಷ್ಟು ಸುಲಭವಲ್ಲ. ಅಂಗಡಿಯವರ ಹತ್ತಿರ ಅಷ್ಟು ಪುರುಸೊತ್ತು ಎಲ್ಲಿದೆ?

ಟ್ಯಾಬ್‌ನಲ್ಲಿ ಓಡುವ ಆ್ಯಪ್ ಸಾಕು. ಲಾಯ್‌ವರ್ಸ್ ಅಂಥದ್ದು, ಆಂಡ್ರಾಯ್ಡ್ ಮತ್ತು ಐಒಎಸ್ ಎರಡರಲ್ಲೂ ಇದೆ. ಮಾಮೂಲಿ ಬಿಲ್ಲಿಂಗ್ ಉಚಿತ. ಕೆಲಸಗಾರರ ನಿರ್ವಹಣೆ, ಮುಂದುವರಿದ ದಾಸ್ತಾನು ಲೆಕ್ಕ ಬೇಕಾದರೆ ದುಡ್ಡು. ಸ್ಕ್ವೇರ್ ಹೆಸರನ್ನೂ ಕೇಳಿರ್ತೀರಿ, 2009ರಲ್ಲಿ ಶುರುವಾದದ್ದು. ಅವರ ಆದಾಯ ಮುಖ್ಯವಾಗಿ ಪಾವತಿಯ ಕಮಿಷನ್‌ನಿಂದ. ಅದು ಕೆಲವೇ ದೇಶಗಳಲ್ಲಿ ಇದೆ, ನಿಮ್ಮಲ್ಲಿ ಇದೆಯಾ ನೋಡಿಯೇ ಮುಂದಿನ ಮಾತು.

ಮುಕ್ತದ್ವಾರ

ಪುರುಸೊತ್ತಿನ ಮಾತು ಒಪ್ಪುತ್ತೇನೆ. ಮನೆಯಲ್ಲಿ ಅಥವಾ ಪರಿಚಯದಲ್ಲಿ ಕಂಪ್ಯೂಟರ್ ಚೆನ್ನಾಗಿ ಬಲ್ಲವರು ಯಾರೂ ಇಲ್ಲದಿದ್ದರೆ ನಾನು ಹೇಳಿದ್ದು ಬೇಡ. ಆದರೆ ಆ್ಯಪ್ ತಗೊಳ್ಳುವವರೂ ಒಂದು ಪರೀಕ್ಷೆ ಮಾಡಲಿ. ಮೊದಲ ದಿನವೇ ಐದಾರು ಐಟಂ ಹಾಕಿ, ನಾಲ್ಕು ಬಿಲ್ ಮಾಡಿ, ಎಲ್ಲವನ್ನೂ ಸಿಎಸ್‌ವಿ ಕಡತವಾಗಿ (ಯಾವ ಸ್ಪ್ರೆಡ್‌ಶೀಟ್‌ನಲ್ಲೂ ತೆರೆಯುವ ಸಾದಾ ಪಟ್ಟಿ) ಹೊರಗೆ ತೆಗೆಯಿರಿ. ಐಟಂ ಪಟ್ಟಿ ಮಾತ್ರ ಬಂದರೆ ಸಾಲದು. ಬಿಲ್ಲುಗಳು ಸಾಲು ಸಾಲಾಗಿ, ಗಿರಾಕಿಗಳ ಪಟ್ಟಿ, ಸ್ಟಾಕ್, ಎಲ್ಲವೂ ಬರಬೇಕು.

ನನ್ನ ತಂಗಿಯ ಅಂಗಡಿಯ ಹಳೇ ಆ್ಯಪಿನಿಂದ ಬಿಲ್ಲುಗಳು ಪಿಡಿಎಫ್ ಆಗಿ ಮಾತ್ರ ಹೊರಬರುತ್ತಿದ್ದವು. ಕಂಪನಿಯ ಹೆಸರು ಬೇಡ. ಬದಲಿಸೋಣ ಅಂದಾಗ ಎರಡು ವರ್ಷದ ಮಾರಾಟ ಅಲ್ಲೇ ಸಿಕ್ಕಿಕೊಂಡಿತು. ಕೇಳಿದರೆ 'ಅದು ಮೇಲಿನ ಪ್ಲಾನಿನಲ್ಲಿದೆ' ಅಂತ ಉತ್ತರ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಒಳಗೆ ಬರುವ ಮೊದಲೇ ನೋಡಿಕೊಳ್ಳಿ.

ಹೊಸಗಲ್ಲಾ

ಇಂಟರ್‌ನೆಟ್ ಹೋದರೆ? ನಮ್ಮಲ್ಲಿ ಆಗಾಗ ಕೈಕೊಡುತ್ತೆ.

ತಂತಿಜೋಡಕ

'ಆಫ್‌ಲೈನ್ ಇದೆ' ಅನ್ನುವ ಮಾತನ್ನು ಹಾಗೇ ನಂಬಬೇಡಿ. ಆಫ್‌ಲೈನ್‌ನಲ್ಲಿ ಏನೇನು ನಡೆಯುತ್ತೆ ಅಂತ ಬಿಡಿಸಿ ಕೇಳಿ. ನಗದು ಬಿಲ್ ಆಗುತ್ತಾ? ಹಳೇ ಬಿಲ್ಲಿಗೆ ವಾಪಸ್ ತಗೊಳ್ಳೋಕೆ ಆಗುತ್ತಾ? ಹೊಸ ಐಟಂ ಸೇರಿಸಬಹುದಾ? ಆ್ಯಪನ್ನು ಪೂರ್ತಿ ಮುಚ್ಚಿ ತೆರೆದರೆ ಲಾಗಿನ್ ಕೇಳುತ್ತಾ? ಬ್ರೌಸರಿನಲ್ಲಿ ಓಡುವ ಕೆಲವು ಪಿಒಎಸ್‌ಗಳಲ್ಲಿ ಪುಟ ಮೊದಲೇ ತೆರೆದಿದ್ದರೆ ನೆಟ್ ಹೋದರೂ ಬಿಲ್ ಆಗುತ್ತದೆ. ಪುಟ ಮುಚ್ಚಿದಿರೋ, ಮತ್ತೆ ತೆರೆಯೋಕೆ ನೆಟ್ ಬೇಕು. ಓಡೂ ಕೂಡ ನೆಟ್ ಹೋದಾಗ ಬಿಲ್ಲುಗಳನ್ನು ಬ್ರೌಸರಿನಲ್ಲಿ ಇಟ್ಟುಕೊಂಡು, ಬಂದ ಮೇಲೆ ಸರ್ವರಿಗೆ ಕಳಿಸುತ್ತದೆ. ಆ ಹೊತ್ತಿನಲ್ಲಿ ಯಾರೋ ಬ್ರೌಸರ್ ಸ್ವಚ್ಛ ಮಾಡಲು ಹೋಗಬಾರದು.

ಪ್ರಯೋಗದ ಅವಧಿಯಲ್ಲಿ ರೂಟರ್ ಆಫ್ ಮಾಡಿ ಹತ್ತಾರು ಬಿಲ್ ಮಾಡಿ. ಎರಡು ಯಂತ್ರ ಇದ್ದರೆ ಎರಡರಲ್ಲೂ ಮಾಡಿ. ನೆಟ್ ಬಂದಮೇಲೆ ಬಿಲ್ ನಂಬರ್ ಎರಡೆರಡು ಸಲ ಬಂದಿದೆಯಾ, ಸ್ಟಾಕ್ ಸರಿ ಇಳಿದಿದೆಯಾ ನೋಡಿ. ಬಿಲ್ ನಂಬರ್ ಗೋಜಲಾದರೆ ತೆರಿಗೆ ಲೆಕ್ಕದಲ್ಲಿ ತಲೆ ತಿನ್ನುತ್ತಾರೆ.

ಅಂದಹಾಗೆ ಯುಪಿಎಸ್ ಇಟ್ಟರೆ ರೂಟರನ್ನೂ ಅದಕ್ಕೇ ಚುಚ್ಚಿ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ರೂಟರ್ ಬಿಡುವ ಅಂಗಡಿಗಳೇ ಜಾಸ್ತಿ.

ಲೆಕ್ಕದಾಕೆ

ಕಾರ್ಡ್ ಪಾವತಿಯನ್ನು ಆಫ್‌ಲೈನ್‌ನಲ್ಲಿ ತಗೊಳ್ಳುವ ಸೌಲಭ್ಯ ಕೆಲವದರಲ್ಲಿ ಇರುತ್ತದೆ. ಆಮೇಲೆ ಬ್ಯಾಂಕ್ ತಿರಸ್ಕರಿಸಿದರೆ ನಷ್ಟ ನಿಮ್ಮದೇ. ಮಾಲು ಆಗಲೇ ಹೋಗಿರುತ್ತದೆ. ಅದನ್ನು ಆಫ್ ಮಾಡಿಡಿ.

ಇನ್ನೊಂದು ಮುಖ್ಯ ವಿಷಯ, ಕೆಲಸದವರ ಲಾಗಿನ್. ಹೊಸಗಲ್ಲಾ ಅವರೇ, ತಪ್ಪು ತಿಳಿಯಬೇಡಿ. ಹುಡುಗಿಯ ಮೇಲೆ ಅನುಮಾನಪಡಿ ಅಂತ ಹೇಳುತ್ತಿಲ್ಲ. ಸಂಜೆ ದುಡ್ಡು ಕಡಿಮೆ ಬಂದಾಗ ಅವಳ ಮೇಲೆ ಸುಮ್ನೆ ಮಾತು ಬರಬಾರದು ಅಂದರೆ ಇಬ್ಬರಿಗೂ ಬೇರೆ ಬೇರೆ ಪಿನ್ ಇರಬೇಕು. ಬಿಲ್ ರದ್ದು ಮಾಡಿದ್ದು, ರಿಯಾಯಿತಿ ಕೊಟ್ಟದ್ದು, ಮಾರಾಟವಿಲ್ಲದೆ ಡ್ರಾಯರ್ ತೆಗೆದದ್ದು, ಮೂರೂ ಯಾರ ಹೆಸರಿನಲ್ಲಿ ಯಾವಾಗ ಆಯ್ತು ಅಂತ ದಾಖಲಾಗಬೇಕು. ಬಿಲ್ ಅಳಿಸುವ ಬಟನ್ ಇರುವ ಪಿಒಎಸ್ ಕಂಡರೆ ದೂರ ಇರಿ. ತಪ್ಪಾದರೆ ರದ್ದಾಗಬೇಕು, ಅಳಿದುಹೋಗಬಾರದು.

ಗಲ್ಲಾ ಯಂತ್ರ ಹುಟ್ಟಿದ್ದೇ ಇದಕ್ಕೆ. 1879ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿ ಜೇಮ್ಸ್ ರಿಟ್ಟಿ ಅನ್ನುವ ಮದ್ಯದಂಗಡಿಯವರು ತಮ್ಮ ಕೆಲಸಗಾರರು ದುಡ್ಡು ಜೇಬಿಗಿಳಿಸುವುದನ್ನು ತಡೆಯಲು ಮೊದಲ ಕ್ಯಾಷ್ ರಿಜಿಸ್ಟರ್‌ಗೆ ಪೇಟೆಂಟ್ ಪಡೆದರು. ಲೆಕ್ಕ ಬೇಗ ಆಗಲಿ ಅನ್ನೋದು ಆಮೇಲಿನ ಮಾತು.

ದಿನದ ಕೊನೆಗೆ 'ಝಡ್ ರಿಪೋರ್ಟ್' ತೆಗೆಯಿರಿ, ಅದು ದಿನದ ಲೆಕ್ಕ ಮುಚ್ಚುತ್ತದೆ. ನಡುವೆ ಎಷ್ಟಾಯ್ತು ಅಂತ ನೋಡೋಕೆ 'ಎಕ್ಸ್ ರಿಪೋರ್ಟ್', ಅದು ಏನನ್ನೂ ಮುಚ್ಚುವುದಿಲ್ಲ. ಬೆಳಗ್ಗೆ ಚಿಲ್ಲರೆಗೆ ಇಟ್ಟ ಹಣವನ್ನು ಶುರುವಿನ ಮೊತ್ತ ಅಂತ ನಮೂದಿಸಿ. ನಗದು ಎಣಿಸಿ ಬರೆದ ಮೇಲೆ ಮಾತ್ರ ಆ್ಯಪ್ ತನ್ನ ಮೊತ್ತ ತೋರಿಸಿದರೆ ಇನ್ನೂ ಒಳ್ಳೆಯದು. ಮೊದಲೇ ತೋರಿಸಿದರೆ ಎಣಿಸುವವರ ಕೈ ಆ ಮೊತ್ತಕ್ಕೇ ಹೋಗಿ ನಿಲ್ಲುತ್ತದೆ.

ಹಳೇತಕ್ಕಡಿ

ಮದ್ಯದಂಗಡಿಯವರಿಂದ ಬಂದ ಯಂತ್ರ ಅಂತ ಗೊತ್ತಿರಲಿಲ್ಲ. ಇನ್ನು ಬಾರ್‌ಕೋಡ್ ಎಲ್ಲಿಂದ ಬಂತು ಅಂತಾನೂ ಹೇಳಿಬಿಡಿ, ಓದೋಣ.

ತಂತಿಜೋಡಕ

ಅದೂ ಅದೇ ಓಹಾಯೊ ರಾಜ್ಯದ್ದೇ. 1974ರ ಜೂನ್ 26ರಂದು ಟ್ರಾಯ್ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣ ಸ್ಕ್ಯಾನ್ ಆಯ್ತು. ಯುಪಿಸಿ ಅನ್ನುವ ಗೆರೆಯ ಬಾರ್‌ಕೋಡ್ ಓದಿಸಿ ನಡೆದ ಮೊದಲ ಮಾರಾಟ ಅದು. ವಿಷಯಕ್ಕೆ ಬನ್ನಿ ಈಗ.

ಎರಡಂಗಡಿ

ವಿಷಯಕ್ಕೆ ಬರೋಣ. ನನ್ನ ಪ್ರಕಾರ ಆ್ಯಪ್ ಯಾವುದು ಅನ್ನೋದು ಕಾಲುಭಾಗ. ಮುಕ್ಕಾಲು ಭಾಗ ಐಟಂ ಪಟ್ಟಿ. ಪಟ್ಟಿ ಸರಿ ಇದ್ದರೆ ಯಾವ ಆ್ಯಪಿಗೆ ಬೇಕಾದರೂ ಒಂದು ಸಂಜೆಯಲ್ಲಿ ಹೋಗಬಹುದು. ಪಟ್ಟಿ ಕೆಟ್ಟದಾಗಿದ್ದರೆ ಎಷ್ಟೇ ದುಬಾರಿ ಪಿಒಎಸ್ ತಂದರೂ ಪ್ರಯೋಜನ ಇಲ್ಲ. ಹಾಗಾಗಿ ಪಟ್ಟಿಯನ್ನು ಆ್ಯಪಿನೊಳಗೆ ಟೈಪ್ ಮಾಡಬೇಡಿ. ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿ, ಅದೇ ಮೂಲಪ್ರತಿ. ಅಲ್ಲಿಂದ ಆ್ಯಪಿಗೆ ಏರಿಸಿ.

ಕಾಲಂ ಹೀಗಿರಲಿ: ಬಾರ್‌ಕೋಡ್, ಹೆಸರು, ಗುಂಪು, ಕೊಂಡ ಬೆಲೆ, ಮಾರುವ ಬೆಲೆ, ತೆರಿಗೆ, ಕೈಲಿರುವ ಸ್ಟಾಕ್, ಎಷ್ಟಕ್ಕೆ ಇಳಿದರೆ ಎಚ್ಚರಿಸಬೇಕು, ಸರಬರಾಜುದಾರರು. ಹೆಸರಿಗೆ ಒಂದು ಕ್ರಮ ಇಟ್ಟುಕೊಳ್ಳಿ. 'ಪೆನ್ನು ನೀಲಿ', 'ನೀಲಿ ಪೆನ್', 'ಪೆನ್ ಬ್ಲೂ' ಅಂತ ಮೂರು ಥರ ಬರೆದರೆ ಒಂದೇ ಪೆನ್ನು ಮೂರು ಐಟಂ ಆಗುತ್ತದೆ. ಮೊದಲು ವಸ್ತು, ಆಮೇಲೆ ಬ್ರ್ಯಾಂಡ್, ಆಮೇಲೆ ಅಳತೆ, ಕೊನೆಗೆ ಬಣ್ಣ. ಹೀಗೆ ಒಂದೇ ಸಾಲು ಹಿಡಿಯಿರಿ.

ಇಲ್ಲಿ ಎಕ್ಸೆಲ್ ಒಂದು ಕಿತಾಪತಿ ಮಾಡುತ್ತದೆ, ಎಚ್ಚರ. 13 ಅಂಕಿಯ ಬಾರ್‌ಕೋಡ್ ಹಾಕಿದರೆ ಅದನ್ನು ಸಂಖ್ಯೆ ಅಂದುಕೊಂಡು 'ಇ ಪ್ಲಸ್ 12' ಅಂತ ಚಿಕ್ಕದು ಮಾಡಿ ತೋರಿಸುತ್ತದೆ. ಹಾಗೇ ಸಿಎಸ್‌ವಿಗೆ ಉಳಿಸಿದಿರೋ, ಕೊನೆಯ ಅಂಕಿಗಳೆಲ್ಲ ಸೊನ್ನೆ. ಸೊನ್ನೆಯಿಂದ ಶುರುವಾಗುವ ಕೋಡ್ ಇದ್ದರೆ ಆ ಸೊನ್ನೆಯೂ ಮಾಯ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಅಂತ ಬದಲಿಸಿ. ಕನ್ನಡ ಹೆಸರುಗಳಿವೆ ಅಂದಿರಲ್ಲ, ಉಳಿಸುವಾಗ 'ಯುಟಿಎಫ್-8' ಇರುವ ಸಿಎಸ್‌ವಿ ಆಯ್ಕೆಯನ್ನೇ ಒತ್ತಿ. ಇಲ್ಲದಿದ್ದರೆ ಆ್ಯಪಿನೊಳಗೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಹೊಸಗಲ್ಲಾ

ಅರ್ಧ ಸಾಮಾನಿಗೆ ಬಾರ್‌ಕೋಡೇ ಇಲ್ಲ. ಕೈಯಲ್ಲಿ ಮಾಡಿದ ಉಡುಗೊರೆ ಸಾಮಾನು, ಬಿಡಿ ಆಟಿಕೆ. ಅದಕ್ಕೆ ಏನು ಮಾಡಲಿ?

ತಂತಿಜೋಡಕ

ನೀವೇ ಕೊಟ್ಟುಕೊಳ್ಳಿ. ಅಂಗಡಿಯೊಳಗೆ ಮಾತ್ರ ಬಳಸೋಕೆ ಜಿಎಸ್1 ಕೆಲವು ಸರಣಿಗಳನ್ನು ಬಿಟ್ಟಿದೆ. 200ರಿಂದ 299ರವರೆಗಿನ ಆರಂಭದ ಅಂಕಿಗಳು ಅದರಲ್ಲಿ ಸೇರಿವೆ. ಅಂದರೆ 2ರಿಂದ ಶುರುವಾಗುವ 13 ಅಂಕಿ. ಹೊರಗಿನ ಯಾವ ಕಂಪನಿಯ ಮಾಲಿಗೂ ಡಿಕ್ಕಿ ಹೊಡೆಯಲ್ಲ.

ಕೊನೆಯದು ತಾಳೆಯ ಅಂಕಿ, ಅದನ್ನು ಲೆಕ್ಕ ಹಾಕಿ ಪಡೆಯಬೇಕು. ಎಡದಿಂದ ಬೆಸ ಸ್ಥಾನದ ಅಂಕಿಗಳನ್ನು ಹಾಗೇ ಕೂಡಿ. ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಿ. ಎರಡನ್ನೂ ಸೇರಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅದೇ ಕೊನೆಯ ಅಂಕಿ. ಉದಾಹರಣೆಗೆ 200000000001. ಬೆಸ ಸ್ಥಾನದಲ್ಲಿ 2 ಮಾತ್ರ. ಸಮ ಸ್ಥಾನದಲ್ಲಿ ಕೊನೆಯ 1, ಮೂರರಿಂದ ಗುಣಿಸಿದರೆ 3. ಒಟ್ಟು 5, ಹತ್ತಕ್ಕೆ ಇನ್ನು 5 ಬೇಕು. ಹಾಗಾಗಿ ಕೋಡ್ 2000000000015. ಕೈಯಲ್ಲಿ ಮಾಡಬೇಕಿಲ್ಲ, ಎಷ್ಟೋ ಆ್ಯಪ್ ತಾನೇ ಮಾಡುತ್ತೆ. ಅಷ್ಟೆಲ್ಲ ಬೇಡ ಅಂದರೆ 'ಕೋಡ್ 128' ಅನ್ನುವ ಬಗೆಯಲ್ಲಿ ನಿಮ್ಮದೇ ಚಿಕ್ಕ ನಂಬರ್ ಪ್ರಿಂಟ್ ಮಾಡಿ.

ಚೀಟಿ ಅಂಟಿಸಲು ಜಾಗವಿಲ್ಲದ ಸಣ್ಣ ಸಾಮಾನಿಗೆ ಕೌಂಟರ್ ಮೇಲೆ ಒಂದು ಹಾಳೆ ಇಡಿ. ಹೆಸರು, ಪಕ್ಕದಲ್ಲಿ ಬಾರ್‌ಕೋಡ್. ಸಾಮಾನು ನೋಡಿ ಹಾಳೆಯನ್ನು ಸ್ಕ್ಯಾನ್ ಮಾಡಿದರೆ ಆಯ್ತು.

ಬಿಡುವಿಲ್ಲ

ಹಳೇ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಬಳಸಬಹುದಾ? ನಾನೂ ಇದೇ ಹುಡುಕಾಟದಲ್ಲಿದ್ದೇನೆ.

ಮುಕ್ತದ್ವಾರ

ಬಳಸಿ. ಆದರೆ ವಿಂಡೋಸ್ 10 ಇದ್ದರೆ ಗಮನಿಸಿ, ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ದುಡ್ಡಿನ ವ್ಯವಹಾರದ ಯಂತ್ರ ಹಾಗೇ ಬಿಡಬೇಡಿ. ವಿಂಡೋಸ್ 11 ಹತ್ತಲ್ಲ ಅಂದರೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ವ್ಯವಸ್ಥೆ ಹಾಕಿ, ಬ್ರೌಸರಿನಲ್ಲಿ ಓಡುವ ಪಿಒಎಸ್ ಬಳಸಿ. ಅದರಲ್ಲಿ ಬೇರೆ ಏನೂ ಮಾಡಬೇಡಿ. ಮಕ್ಕಳ ಆಟ, ಸಿನಿಮಾ ಡೌನ್‌ಲೋಡು ಯಾವುದೂ ಬೇಡ.

ಕಾರ್ಡ್ ಯಂತ್ರ ಬೇರೆಯೇ ಇರಲಿ. ಕಾರ್ಡ್ ನಂಬರನ್ನು ನಿಮ್ಮ ಕಂಪ್ಯೂಟರಿನಲ್ಲಾಗಲಿ ಪುಸ್ತಕದಲ್ಲಾಗಲಿ ಎಲ್ಲೂ ಬರೆದಿಡಬೇಡಿ. ಪಾವತಿ ಯಂತ್ರ ಪಿಒಎಸ್‌ಗೆ ಜೋಡಿಸದಿದ್ದರೆ ಮೊತ್ತವನ್ನು ಎರಡು ಸಲ ಒತ್ತಬೇಕಾಗುತ್ತದೆ, ತಪ್ಪು ಬೀಳುವ ಸಂಭವ ಜಾಸ್ತಿ. ಸಣ್ಣ ಅಂಗಡಿಗೆ ಅಷ್ಟು ಸಹಿಸಬಹುದು ಅನ್ನಿಸುತ್ತೆ.

ಎರಡಂಗಡಿ

ಸಹಿಸಬಹುದು, ಸಂಜೆ ಪಾವತಿ ಯಂತ್ರದ ಒಟ್ಟು ಮೊತ್ತವನ್ನು ಝಡ್ ರಿಪೋರ್ಟಿನ ಜೊತೆ ತಾಳೆ ನೋಡುವುದಾದರೆ.

ಹೊಸಗಲ್ಲಾ

ವಾರದ ಲೆಕ್ಕ ಬರೆದೆ. ನಗದು ಮೂರರಲ್ಲೊಂದು ಪಾಲು, ಉಳಿದದ್ದು ಕಾರ್ಡು ಮತ್ತು ಮೊಬೈಲ್. ಲೆಕ್ಕದಾಕೆ ಮೇಡಂ ಹೇಳಿದಂತೆ ಮೂರು ವರ್ಷಕ್ಕೆ ಹಾಕಿ ನೋಡಿದರೆ 'ಪೂರ್ತಿ ಉಚಿತ' ಅಂದವರೇ ಎಲ್ಲರಿಗಿಂತ ದುಬಾರಿ ಬಿದ್ದರು. ಸೆಟ್ ಕೊಡ್ತೀವಿ ಅಂದವರಿಗೆ ಬೇಡ ಅಂದೆ.

ಸದ್ಯಕ್ಕೆ 2ಡಿ ಸ್ಕ್ಯಾನರ್ ಮತ್ತು ಯುಎಸ್‌ಬಿ ಪ್ರಿಂಟರ್ ಮಾತ್ರ ತಂದಿದ್ದೇನೆ. 'ಕೃಷ್ಣ' ಚೆನ್ನಾಗಿ ಬಂತು, 'ಸ್ತ್ರೀ' ಕೂಡ. ಐಟಂ ಪಟ್ಟಿ ಆಟಿಕೆವರೆಗೆ ಮುಗಿದಿದೆ, ಟೀ ಶರ್ಟ್ ಬಾಕಿ. ಎರಡು ಆ್ಯಪ್ ಉಳಿಸಿಕೊಂಡಿದ್ದೇನೆ, ಎರಡರಲ್ಲೂ ಸಿಎಸ್‌ವಿ ಪೂರ್ತಿ ಹೊರಬರುತ್ತೆ. ಒಂದು ಅನುಮಾನ ಉಳಿದಿದೆ. ಒಂದರಲ್ಲಿ 'ಸ್ಟಾಕ್ ಸೊನ್ನೆಯಾದರೆ ಮಾರಾಟ ತಡೆ' ಅಂತ ಸೆಟ್ಟಿಂಗ್ ಇದೆ. ಆನ್ ಮಾಡಲಾ?

ಎರಡಂಗಡಿ

ಶುರುವಿನಲ್ಲಿ ಬೇಡ. ನಿಮ್ಮ ಸ್ಟಾಕ್ ಎಣಿಕೆ ಇನ್ನೂ ಹದಕ್ಕೆ ಬಂದಿರಲ್ಲ. ಗಿರಾಕಿಯ ಕೈಯಲ್ಲಿ ಸಾಮಾನು ಇರುತ್ತೆ, ಯಂತ್ರ ಇಲ್ಲ ಅನ್ನುತ್ತೆ. ಹಿಂದೆ ನಾಲ್ಕು ಜನ ಕಾಯ್ತಾ ನಿಂತಿರ್ತಾರೆ. ತಡೆ ಹಾಕದೆ ಬಿಟ್ಟರೆ ಸ್ಟಾಕ್ ಮೈನಸ್‌ಗೆ ಹೋಗುತ್ತೆ, ಹೋಗಲಿ. ಮೈನಸ್ ಇರುವ ಐಟಂಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು, ಅವನ್ನಷ್ಟೇ ಕೈಯಲ್ಲಿ ಎಣಿಸಿ ಸರಿಮಾಡಿ. ಎಲ್ಲಿ ಖರೀದಿ ಏರಿಸೋದು ಬಿಟ್ಟುಹೋಗಿದೆ, ಎಲ್ಲಿ ಒಂದರ ಬದಲು ಇನ್ನೊಂದು ಸ್ಕ್ಯಾನ್ ಆಗಿದೆ ಅಂತ ಆ ಪಟ್ಟಿಯೇ ತೋರಿಸುತ್ತೆ. ಪಟ್ಟಿ ನಾಲ್ಕೈದು ಐಟಂಗೆ ಇಳಿದಮೇಲೆ ತಡೆ ಆನ್ ಮಾಡಬೇಕಾ ಅಂತ ಯೋಚಿಸಿ. ನಾನು ಇನ್ನೂ ಮಾಡಿಲ್ಲ.

ಹಳೇತಕ್ಕಡಿ

ಮಾಲು ಬಿಚ್ಚಿ ಏರಿಸೋಕೆ ಯಾರು ಅಂತ ನಾನು ಕೇಳಿದ್ದೆ. ಅದಕ್ಕೆ ಉತ್ತರ ಬರಲಿಲ್ಲ.

ಹೊಸಗಲ್ಲಾ

ಅವಳೇ, ಕೆಲಸದ ಹುಡುಗಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ. ನನಗಿಂತ ವೇಗವಾಗಿ ಟೈಪ್ ಮಾಡ್ತಾಳೆ, ಸಂಬಳಕ್ಕೆ ಸ್ವಲ್ಪ ಸೇರಿಸಿದ್ದೇನೆ. ಅದನ್ನೂ ಮೂರು ವರ್ಷದ ಲೆಕ್ಕದಲ್ಲಿ ಹಾಕಿದೆ.